ಮುಂಬೈ ಕೋರ್ಟಿನಲ್ಲಿ ಮೊದಲ ತಾರೀಖು: ಫುಟ್‌ಪಾತ್ ಕೇಸಿಗೆ ಏನು ತಯಾರಿ ಬೇಕು?

ನೀವು ಕೇಳಿದ್ದು ಇಷ್ಟು: ಮುಂಬೈಯಲ್ಲಿ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತೀರಿ. ಫುಟ್‌ಪಾತ್ ಮೇಲೆ ಸ್ಟೂಲು ಹಾಕಿಸಿದ್ದೀರಿ ಎಂದು ನಿಮ್ಮ ಹೆಸರಲ್ಲಿ ಕಲಂ 285ರ ಕೇಸು ಆಗಿದೆ. ಬರುವ ಬುಧವಾರಕ್ಕೆ ಸಮನ್ಸ್ ಬಂದಿದೆ. ಈವರೆಗೆ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಜೈಲಿಗೆ ಹಾಕುತ್ತಾರಾ, ಏನೇನು ತಯಾರಿ ಬೇಕು?

ಜೈಲಿನ ಮಾತು ಮೊದಲು ಮುಗಿಸೋಣ. ಯಾವುದು ಅಪರಾಧ, ಶಿಕ್ಷೆ ಎಷ್ಟು ಎಂದು ಹೇಳುವ ಭಾರತೀಯ ನ್ಯಾಯ ಸಂಹಿತೆಯ 285ಕ್ಕೆ ಇರುವುದು ದಂಡ ಮಾತ್ರ, ಹೆಚ್ಚೆಂದರೆ 5,000 ರೂಪಾಯಿ. 2024ರ ಜುಲೈ 1ಕ್ಕೆ ಮುಂಚೆ ಇದೇ ಕೇಸು ಹಳೆಯ ದಂಡ ಸಂಹಿತೆಯ, ಅಂದರೆ ಐಪಿಸಿಯ 283 ಆಗಿತ್ತು, ಆಗ ದಂಡ 200 ದಾಟುತ್ತಿರಲಿಲ್ಲ. ನಾನು ಸಿಕ್ಕಿಬಿದ್ದದ್ದು ಆ ಇನ್ನೂರರ ಕಾಲದಲ್ಲಿ. ಜಾಮೀನು ಸಿಗುವಂಥ ಕಲಂ ಇದು. ಜಾಮೀನು ನಿಮ್ಮ ಹಕ್ಕು, ಯಾರೂ ದಯೆ ತೋರಿ ಕೊಡುವುದಲ್ಲ. ಆದರೆ ಕಾಗದದಲ್ಲಿ 285ರ ಪಕ್ಕ ಬೇರೆ ಯಾವುದಾದರೂ ಕಲಂ ಇದೆಯಾ ನೋಡಿ. ಇದ್ದರೆ ನಾನು ಇಲ್ಲಿ ಹೇಳುವುದರಲ್ಲಿ ಅರ್ಧ ಬದಲಾಗುತ್ತದೆ, ವಕೀಲರನ್ನು ಕೇಳದೆ ಹೋಗಬೇಡಿ.

ಬಂದ ಕಾಗದ ನಿಜವಾಗಿ ಕೋರ್ಟಿನದ್ದೇ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ. ನಮ್ಮ ಹೋಟೆಲ್ ಹುಡುಗರು ಪೊಲೀಸರಿಂದ ಬಂದ ಕಾಗದಕ್ಕೆಲ್ಲ ಸಮನ್ಸ್ ಅಂತಲೇ ಹೇಳುವುದು. ವಿಚಾರಣೆಗೆ ಠಾಣೆಗೆ ಬನ್ನಿ ಎನ್ನುವ ನೋಟಿಸ್ ಬೇರೆ, ಅದು ನಾಗರಿಕ ಸುರಕ್ಷಾ ಸಂಹಿತೆಯ (ಪೊಲೀಸರು, ಕೋರ್ಟು ಹೇಗೆ ನಡೆಯಬೇಕು ಎನ್ನುವ ಕಾನೂನು) ಕಲಂ 35ರದ್ದು. ಇನ್ನು ಗಲಾಟೆ ಮಾಡುವುದಿಲ್ಲ ಎಂದು ಬಾಂಡ್ ಬರೆಸಿಕೊಳ್ಳುವುದಕ್ಕೆ 'ಚಾಪ್ಟರ್ ಕೇಸ್' ಎನ್ನುತ್ತಾರಲ್ಲ, ಅದರಲ್ಲಿ ಮುಂಬೈಯಲ್ಲಿ ನೀವು ನಿಲ್ಲುವುದು ಪೊಲೀಸ್ ಅಧಿಕಾರಿಯಾದ ಎಸಿಪಿಯ ಮುಂದೆ, ಜಡ್ಜ್ ಮುಂದಲ್ಲ. ಕೋರ್ಟಿನ ಸಮನ್ಸಿನಲ್ಲಿ ಕೋರ್ಟಿನ ಸೀಲು, ಕೇಸ್ ನಂಬರ್, ಕೋರ್ಟ್ ನಂಬರ್ ಇರುತ್ತದೆ. ಕೋರ್ಟ್ ನಂಬರ್ 37 ಅಂತ ಇದ್ದರೆ ಆ ಕಟ್ಟಡದಲ್ಲಿ ಮೂವತ್ತೇಳು ಕೋಣೆ ಇದೆ ಅಂತಲ್ಲ, ಈ ನಂಬರುಗಳು ಇಡೀ ನಗರಕ್ಕೆ ಸೇರಿಸಿ ಹಾಕಿದ್ದು. ಕಿಲ್ಲಾ ಕೋರ್ಟು, ಬಾಂದ್ರಾ, ಕುರ್ಲಾ, ಅಂಧೇರಿ, ಬೊರಿವಲಿ, ಮುಲುಂಡ್ ಹೀಗೆ ಮ್ಯಾಜಿಸ್ಟ್ರೇಟ್ ಕೋರ್ಟುಗಳು ಹರಡಿಕೊಂಡಿವೆ. ಮಂಗಳವಾರವೇ ಬಿಡುವಿನ ಹೊತ್ತಿನಲ್ಲಿ ಒಂದು ಸಲ ಹೋಗಿ ಬಾಗಿಲು ನೋಡಿ ಬನ್ನಿ. ಬುಧವಾರ ಬೆಳಗ್ಗೆ ಹತ್ತೂವರೆಗೆ ಜನರ ನಡುವೆ ನುಗ್ಗಿ ಹುಡುಕುವುದು ಸಾಕಪ್ಪಾ ಸಾಕು ಅನಿಸುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. 5,000ದ ಒಳಗೆ ದಂಡ ಮಾತ್ರ ಇರುವ ಸಣ್ಣ ಅಪರಾಧಗಳಿಗೆ, ನಾಗರಿಕ ಸುರಕ್ಷಾ ಸಂಹಿತೆಯ 229ರಲ್ಲಿ ವಿಶೇಷ ಸಮನ್ಸ್ ಕಳಿಸಬಹುದು. ದಂಡದ ಮೊತ್ತ ಅದರಲ್ಲೇ ಬರೆದಿರುತ್ತದೆ. ಒಪ್ಪಿಗೆ ಇದ್ದರೆ ತಪ್ಪೊಪ್ಪಿಗೆಯ ಜೊತೆ ದಂಡ ಕಳಿಸಿ ಮುಗಿಸಬಹುದು, ಖುದ್ದಾಗಿ ಹೋಗಬೇಕಿಲ್ಲ. ನಿಮ್ಮದರಲ್ಲಿ ಮೊತ್ತ ಇದೆಯಾ ನೋಡಿ. ಇಲ್ಲದಿದ್ದರೆ ಹೋಗಲೇಬೇಕು. ಕೇಸು ಸಣ್ಣದು ಅಂತ ತಪ್ಪಿಸಿಕೊಂಡರೆ ವಾರಂಟ್ ಹೊರಡುತ್ತದೆ. ಸ್ಟೂಲಿನ ಕೇಸಿಗೆ ಜೈಲಿಲ್ಲ, ಆದರೆ ವಾರಂಟ್ ಹಿಡಿದು ಪೊಲೀಸರು ಹೋಟೆಲಿನ ಬಾಗಿಲಿಗೆ ಬಂದರೆ ಆಗ ಗಿರಾಕಿಗಳ ಮುಂದೆ ಮರ್ಯಾದೆ ಹೋಗುವುದು ನಿಮ್ಮದು.

ಬಟ್ಟೆಯ ಬಗ್ಗೆ ಜಾಸ್ತಿ ಯೋಚಿಸಬೇಡಿ, ಒಗೆದ ಶರ್ಟು ಪ್ಯಾಂಟು ಸಾಕು. ಹೋಟೆಲಿನ ಯೂನಿಫಾರ್ಮ್ ಬೇಡ. ಮೊಬೈಲ್ ಸೈಲೆಂಟ್ ಅಲ್ಲ, ಆಫ್. ಸಮನ್ಸಿನ ಮೂಲ, ಅದರ ಎರಡು ಜೆರಾಕ್ಸ್, ಆಧಾರ್, ಎರಡು ಫೋಟೋ, ಎಫ್ಐಆರ್ ಪ್ರತಿ, ಕೈಯಲ್ಲಿ ಸ್ವಲ್ಪ ನಗದು. ಅಂದು ರಜೆ ಅರ್ಧ ದಿನಕ್ಕೆ ಕೇಳಬೇಡಿ, ಪೂರ್ತಿ ದಿನಕ್ಕೆ ಕೇಳಿ.

ಈಗ ನನ್ನ ಕತೆ. ನಾನು ಹನ್ನೊಂದು ಗಂಟೆಗೆ ಕೋರ್ಟು ಕೂರುವ ಮೊದಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬಾಗಿಲ ಹೊರಗೆ ಗೋಡೆಗೆ ಅಂಟಿಸಿದ ಆ ದಿನದ ಬೋರ್ಡಿನಲ್ಲಿ ನನ್ನ ನಂಬರನ್ನೂ ನೋಡಿದ್ದೆ. ಪಟ್ಟೇವಾಲಾ ಒಂದೊಂದೇ ಹೆಸರು ಕೂಗುತ್ತಿದ್ದ. ಅವನ ಬಾಯಿಂದ ನನ್ನ ಹೆಸರೂ ಬಂತು, ನಾನು ಮಾತ್ರ ಹಂದಲಿಲ್ಲ. ಯಾಕೆ ಗೊತ್ತಾ? ಮಹಾರಾಷ್ಟ್ರದ ಪದ್ಧತಿಯಲ್ಲಿ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ನಮ್ಮ ಕುಂದಾಪುರದ ಕಡೆ ಅಪ್ಪನ ಹೆಸರನ್ನು ನಡುವೆ ಸೇರಿಸಿ ಯಾರು ಕರೆಯುತ್ತಾರೆ ಮಾರಾಯ್ರೆ? ಹುಟ್ಟಿದ ಮೇಲೆ ಒಂದು ಸಲವೂ ಕೇಳದ ಉದ್ದ ಹೆಸರು, ಅದರಲ್ಲಿ ಪೂಜಾರಿ ಹೋಗಿ ಪುಜಾರಿ ಆಗಿತ್ತು. ಯಾರೋ ಪಾಪ ಬಂದಿಲ್ಲ ಅಂದುಕೊಂಡು ಕೂತೆ. ಊಟದ ಹೊತ್ತಿಗೆ ಬೆಂಚ್ ಕ್ಲರ್ಕನ್ನು ಕೇಳಿದರೆ, ಆರೋಪಿ ಗೈರು ಎಂದು ಬದಿಗಿಟ್ಟಿದ್ದೇವೆ, ಮಧ್ಯಾಹ್ನ ಇನ್ನೊಂದು ಸಲ ಕೂಗಿಸುತ್ತೇವೆ ಎಂದರು. ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಹಾಗಾಗಿ ಸಮನ್ಸಿನಲ್ಲಿ ನಿಮ್ಮ ಹೆಸರು ಹೇಗೆ ಬರೆದಿದೆಯೋ ಹಾಗೆಯೇ ನಾಲ್ಕು ಸಲ ಗಟ್ಟಿಯಾಗಿ ಓದಿಕೊಳ್ಳಿ, ರೂಮಿನವರು ನಕ್ಕರೆ ನಗಲಿ. ಬೆಳಗ್ಗೆ ಹೋದ ಕೂಡಲೇ ಕ್ಲರ್ಕಿಗೆ ಕಾಗದ ತೋರಿಸಿ, ನಾನು ಬಂದಿದ್ದೇನೆ ಎಂದೂ ಹೇಳಿಬಿಡಿ.

ಎರಡನೇ ಸಲ ಕೂಗಿದಾಗ ಓಡಿ ಹೋಗಿ ನಿಂತೆ. ಮ್ಯಾಜಿಸ್ಟ್ರೇಟ್ ಕಾಗದದಿಂದ ತಲೆ ಎತ್ತಿ ಮರಾಠಿಯಲ್ಲಿ ಎರಡು ವಾಕ್ಯ ಓದಿದರು, ಆಮೇಲೆ ಕೇಳಿದರು: 'ಗುನ್ಹಾ ಕಬೂಲ್ ಆಹೇ ಕಾ?' ಅಂದರೆ, ತಪ್ಪು ಒಪ್ಪಿಕೊಳ್ಳುತ್ತೀಯಾ?

ಇಪ್ಪತ್ತು ವರ್ಷ ಗಲ್ಲಾದಲ್ಲಿ ಕೂತವನ ನಾಲಿಗೆ ಹೇಗಿರುತ್ತದೆ ನಿಮಗೂ ಗೊತ್ತು. ಚಹಾ ತಣ್ಣಗಿದೆ ಅಂದರೂ ಹೋ (ಹೌದು) ಸಾಹೇಬ್, ಚಿಲ್ಲರೆ ಇಲ್ವಾ ಅಂದರೂ ಹೋ ಸಾಹೇಬ್. ಅರ್ಥ ಆಗುವ ಮೊದಲೇ ನನ್ನ ತಲೆ ಅಲ್ಲಾಡಿತ್ತು. ನನ್ನ ಪುಣ್ಯ, ಆ ಮ್ಯಾಡಮ್ ಬರೆದುಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು, 'ಸಮಜ್ಲಾ ಕಾ?' ಎಂದು ಕೇಳಿದರು. ಇಲ್ಲ ಎಂದೆ. ಮುಂದಿನ ತಾರೀಖು ಕೊಟ್ಟು, ವಕೀಲರನ್ನು ಕೇಳಿಕೊಂಡು ಬಾ ಎಂದು ಕಳಿಸಿದರು.

ಬೇರೆ ಎಲ್ಲ ತಯಾರಿಗಿಂತ ಈ ಒಂದು ಪ್ರಶ್ನೆಗೆ ಉತ್ತರ ಮನೆಯಲ್ಲೇ ಗಟ್ಟಿ ಮಾಡಿಕೊಂಡು ಹೋಗಿ. ಹೋ ಅಂದರೆ ಅದು ತಪ್ಪೊಪ್ಪಿಗೆ, ಅಲ್ಲಿಗೆ ಶಿಕ್ಷೆ ಬರೆದು ಮುಗಿಸಬಹುದು. ನಾಹಿ ಅಂದರೆ ಸಾಕ್ಷಿ, ತಾರೀಖು, ಮತ್ತೆ ತಾರೀಖು. ಮರಾಠಿ ಅರ್ಥ ಆಗದಿದ್ದರೆ ಆಗಲಿಲ್ಲ ಅನ್ನಿ, ಹಿಂದಿಯಲ್ಲಿ ಹೇಳಿ ಎಂದು ಕೇಳಿ. ಆರೋಪ ಏನೆಂದು ನಿಮಗೆ ತಿಳಿಸದೆ ಅವರು ಮುಂದುವರಿಯುವ ಹಾಗಿಲ್ಲ.

ಯಾವ ಉತ್ತರ ಸರಿ? ಇಲ್ಲಿ ನಿಮ್ಮ ಸೇಠಿನ ವಕೀಲರು, ಕಬೂಲ್ ಮಾಡಿಬಿಡು, ಐದು ನಿಮಿಷದ ಕೆಲಸ ಎಂದೇ ಹೇಳುತ್ತಾರೆ. ಅವರ ಫೀಸು ಕೊಡುವುದು ಸೇಠು, ಆರೋಪಿಯ ಜಾಗದಲ್ಲಿ ಇರುವುದು ನಿಮ್ಮ ಹೆಸರು. ಹೋಟೆಲಿನ ಹೆಸರಲ್ಲ. ಸ್ಟೂಲು ಹಾಕಿಸಿದ್ದು ನೀವಾ, ಅಥವಾ ಪೊಲೀಸರು ಬಂದಾಗ ಗಲ್ಲಾದಲ್ಲಿ ಇದ್ದೀರಿ ಅಂತ ನಿಮ್ಮ ಹೆಸರು ಬರೆದರಾ ಎಂಬುದನ್ನು ನಿಮ್ಮದೇ ಆದ ಒಬ್ಬ ವಕೀಲರ ಹತ್ತಿರ ಬಿಡಿಸಿ ಹೇಳಿ. ವಕೀಲರಿಗೆ ನಿಮ್ಮ ಪರ ಮಾತಾಡುವ ಅಧಿಕಾರ ಕೊಡುವ ಕಾಗದವೇ ವಕಾಲತ್ತು, ಅದು ಖಾಲಿ ಇದ್ದರೆ ಸಹಿ ಹಾಕಬೇಡಿ. ಘಟನೆಯ ತಾರೀಖನ್ನೂ ತೋರಿಸಿ: ದಂಡ ಮಾತ್ರ ಇರುವ ಅಪರಾಧವಾದರೆ ಕೋರ್ಟು ಅದನ್ನು ಕೈಗೆತ್ತಿಕೊಳ್ಳಲು ಆರು ತಿಂಗಳ ಗಡುವು ಇದೆ, ಅದು ದಾಟಿದೆಯಾ ಎಂದು ಅವರು ನೋಡಲಿ. ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಇದೆ, ಫೋನ್ 15100. ಹಗಲು ಹೋಟೆಲು ರಾತ್ರಿ ಶಾಲೆ ಅಂತ ಓದಿ ವಕೀಲರಾದ ನಮ್ಮವರೂ ಈ ಊರಲ್ಲಿ ಕಡಿಮೆ ಇಲ್ಲ, ನಿಮ್ಮ ಸಂಘದಲ್ಲಿ ವಿಚಾರಿಸಿ.

ಗಲ್ಫಿಗೆ ಹೋಗುವ ಯೋಚನೆ ಇದ್ದರೆ ಇನ್ನೊಂದು ಲೆಕ್ಕ. ತಪ್ಪೊಪ್ಪಿಕೊಂಡರೆ ಪಾಸ್‌ಪೋರ್ಟ್ ಹೋಯಿತು ಅಂತ ನಮ್ಮ ರೂಮುಗಳಲ್ಲಿ ಒಂದು ಮಾತಿದೆ. ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಇರುವುದು ಹಾಗಲ್ಲ. ನೈತಿಕವಾಗಿ ಹೀನ ಎನಿಸುವ ಅಪರಾಧಕ್ಕೆ ಹಿಂದಿನ ಐದು ವರ್ಷದೊಳಗೆ ಕನಿಷ್ಠ ಎರಡು ವರ್ಷ ಜೈಲು ಆಗಿದ್ದರೆ ಅಡ್ಡಿ. ಸ್ಟೂಲಿನ ದಂಡ ಆ ಲೆಕ್ಕಕ್ಕೆ ಬರುವುದಿಲ್ಲ. ಕೋರ್ಟಿನಲ್ಲಿ ಕೇಸು ಬಾಕಿ ಇರುವುದೇ ನಿಜವಾದ ತೊಡಕು, ಆಗ ಆ ಕೋರ್ಟಿನ ಅನುಮತಿ ಬೇಕಾಗುತ್ತದೆ. ಅಂದರೆ ಎರಡು ವರ್ಷ ಎಳೆಯುವ ನಾಹಿ ಕೂಡ ಪುಕ್ಕಟೆ ಅಲ್ಲ. ಇನ್ನು ಪೊಲೀಸ್ ಕ್ಲಿಯರೆನ್ಸ್ ಬೇರೆ ವಿಷಯ. ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ.

ನಾನು ಎರಡನೇ ತಾರೀಖಿಗೆ ಕಬೂಲ್ ಎಂದೆ. ಸ್ಟೂಲು ಹಾಕಿಸಿದ್ದು ನಾನೇ, ಸಂಜೆಯ ವ್ಯಾಪಾರದ ಆಸೆಗೆ. ಅದನ್ನು ಸುಳ್ಳು ಹೇಳಲು ಮೂರು ದಿನದ ಸಂಬಳ ಕಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ನಿಮ್ಮದು ಹಾಗಲ್ಲದಿದ್ದರೆ ನನ್ನನ್ನು ನೋಡಿ ಕಬೂಲ್ ಅನ್ನಬೇಡಿ.

ಬುಧವಾರವೇ ಎಲ್ಲ ಮುಗಿಯಬಹುದು, ಮುಗಿಯದೆಯೂ ಇರಬಹುದು. ಜಡ್ಜ್ ರಜೆ ಇದ್ದರೆ ತಾರೀಖು ಮಾತ್ರ ಸಿಗುತ್ತದೆ. ಬಾಂಡಿಗೆ ಸಹಿ ಹಾಕಿಸಿಕೊಳ್ಳಬಹುದು, ಜಾಮೀನುದಾರ ಬೇಕು ಅಂದರೆ ನಗದು ಕಟ್ಟುತ್ತೇನೆ ಎಂದು ಕೇಳಲು ವಕೀಲರಿಗೆ ಹೇಳಿ. ಹೊರಡುವ ಮೊದಲು ಮುಂದಿನ ತಾರೀಖು ಕ್ಲರ್ಕಿನ ಬಾಯಿಂದ ಕೇಳಿ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಕೇಸಿಗೆ ಕೊಟ್ಟ ಹದಿನಾರು ಅಕ್ಷರದ ಸಿಎನ್ಆರ್ ನಂಬರ್ ಹಾಕಿದರೂ ಕಾಣುತ್ತದೆ. ಮುಂದೆ ಯಾವತ್ತಾದರೂ ಜ್ವರ ಬಂದು ಹೋಗಲಾಗದಿದ್ದರೆ ವಕೀಲರ ಮೂಲಕ ಆ ದಿನಕ್ಕೆ ವಿನಾಯಿತಿ ಅರ್ಜಿ ಕೊಡಿಸಿ, ಸುಮ್ಮನೆ ಮಲಗಬೇಡಿ.

ದಂಡ ಕಟ್ಟುವುದಾದರೆ ಕೋರ್ಟಿನ ಗುಮಾಸ್ತರ ಮೇಜಿನಲ್ಲಿ ಮಾತ್ರ ಕಟ್ಟಿ. ಗೇಟಿನ ಹತ್ತಿರ, ನಾನು ಕಟ್ಟಿಸಿಕೊಡುತ್ತೇನೆ ಎಂದು ಭುಜ ಮುಟ್ಟುವವರ ಕೈಗೆ ಕೊಡಬೇಡಿ. ನಾನು ದುಡ್ಡು ಎಣಿಸಿ ಕೊಟ್ಟ ಮೇಲೆ ಗುಮಾಸ್ತ 'ಪಾವತಿ ಘ್ಯಾ' ಎಂದ. ಈಗಷ್ಟೇ ಪಾವತಿ ಮಾಡಿದೆನಲ್ಲ, ಇನ್ನೆಷ್ಟು ಪಾವತಿ ಎಂದು ಪುನಃ ಪರ್ಸು ತೆಗೆದೆ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಮರಾಠಿಯಲ್ಲಿ ಪಾವತಿ ಅಂದರೆ ರಶೀದಿ ಮಾರಾಯ್ರೆ. ತಗೊಳ್ಳಿ, ಬಿಡಬೇಡಿ, ಅವತ್ತೇ ಜೆರಾಕ್ಸ್ ಮಾಡಿಸಿಡಿ. ನನ್ನದರಲ್ಲಿ ಅಕ್ಷರ ಮಾಸಿ ಈಗ ಸೀಲು ಮಾತ್ರ ಕಾಣುತ್ತದೆ.