ಸ್ಮರಣೆಯ ನೆಪದ ಮೆರವಣಿಗೆಗಳಿಗೆ ನಿಷೇಧವೊಂದೇ ಸಾಕೇ?

ಶೋಕಾಚರಣೆಯ ಹೆಸರಿನಲ್ಲಿ ನವನಾಜಿಗಳು ನಡೆಸುವ ಮೆರವಣಿಗೆಗಳನ್ನು ನಿಷೇಧಿಸಿದರೆ ಸಾಲದೇ ಎಂದು ತಾವು ಕೇಳಿದ್ದೀರಿ. ಜರ್ಮನಿಯ ಬವೇರಿಯಾ ರಾಜ್ಯದ ವುನ್‌ಸೀಡೆಲ್ ಎಂಬ ಪುಟ್ಟ ಊರಿನ ಅನುಭವವನ್ನು ನೋಡಿದರೆ ಸಾಲದು ಎಂದೇ ಹೇಳಬೇಕಾಗುತ್ತದೆ. ಹಿಟ್ಲರನ ಆಪ್ತ ರುಡಾಲ್ಫ್ ಹೆಸ್‌ನ ಸಮಾಧಿ ಅಲ್ಲಿದ್ದ ಕಾರಣ, ಅವನನ್ನು ಸ್ಮರಿಸುವ ನೆಪದಲ್ಲಿ ನಾಜಿ ಆಡಳಿತವನ್ನೇ ಕೊಂಡಾಡುವ ಸಭೆಗಳು ಮತ್ತೆ ಮತ್ತೆ ನಡೆಯುತ್ತಿದ್ದವು. 2005ರಲ್ಲಿ ದಂಡಸಂಹಿತೆಗೆ ತಿದ್ದುಪಡಿ ತಂದು ಇಂತಹ ವೈಭವೀಕರಣವನ್ನು ಅಪರಾಧವಾಗಿಸಲಾಯಿತು. 2009ರಲ್ಲಿ ಸಂವಿಧಾನ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2011ರಲ್ಲಿ ಸಮಾಧಿಯನ್ನೇ ತೆಗೆದುಹಾಕಲಾಯಿತು. ಆದರೂ ‘ವೀರರ ಸ್ಮರಣೆ’ ಎಂಬ ಬೇರೊಂದು ಹೆಸರಿನಲ್ಲಿ ಅವರು ಬರುತ್ತಲೇ ಇದ್ದರು.

2014ರ ನವೆಂಬರಿನಲ್ಲಿ ಊರಿನವರು ಹೂಡಿದ ಉಪಾಯ ನಿಜಕ್ಕೂ ಚತುರವಾದದ್ದು. ಮೆರವಣಿಗೆಯವರು ನಡೆಯುವ ಪ್ರತಿ ಮೀಟರಿಗೆ 10 ಯೂರೋ ದೇಣಿಗೆ ಕೊಡುವುದಾಗಿ ನಿವಾಸಿಗಳೂ ವರ್ತಕರೂ ಒಪ್ಪಿಕೊಂಡು, ಹಾಗೆ ಕೂಡಿದ 10,000 ಯೂರೋಗಳನ್ನು ಉಗ್ರ ಬಲಪಂಥವನ್ನು ತೊರೆಯಬಯಸುವವರಿಗೆ ನೆರವಾಗುವ ‘ಎಕ್ಸಿಟ್ ಡಾಯ್ಚ್‌ಲ್ಯಾಂಡ್’ ಸಂಸ್ಥೆಗೆ ನೀಡಿದರು. ದಾರಿಯುದ್ದಕ್ಕೂ ಅಣಕದ ಫಲಕಗಳನ್ನು ಕಟ್ಟಿ, ತಿನ್ನಲು ಬಾಳೆಹಣ್ಣನ್ನೂ ಇಟ್ಟಿದ್ದರಂತೆ! ನಡೆದರೆ ತಮ್ಮ ವಿರೋಧಿಗಳಿಗೇ ಹಣ, ಹಿಂದಿರುಗಿದರೆ ನಗೆಪಾಟಲು ಎಂಬ ಸ್ಥಿತಿ ಅವರದಾಯಿತು. ಆದರೆ ಗುಂಪು ಹಲ್ಲೆಗೆ ಇಳಿಯುವ ಸಂಭವವಿರುವ ಕಡೆ ಈ ಉಪಾಯವು ಪೊಲೀಸರ ಕೆಲಸವನ್ನು ಮಾಡಲಾರದು ಎಂಬುದನ್ನು ತಾವು ಗಮನದಲ್ಲಿಟ್ಟುಕೊಳ್ಳಬೇಕು.