ವಿಚ್ಛೇದನ ಹೆಚ್ಚುತ್ತಿರುವುದು ಹೆಣ್ಣುಮಕ್ಕಳ ಸಂಪಾದನೆಯಿಂದಲೇ?

ಹೆಣ್ಣುಮಕ್ಕಳು ಓದಿ ಸಂಪಾದಿಸತೊಡಗಿದ್ದರಿಂದಲೇ ಮದುವೆಗಳು ತಡವಾಗುತ್ತಿವೆ, ವಿಚ್ಛೇದನಗಳು ಹೆಚ್ಚುತ್ತಿವೆ ಎಂದು ನಿಮ್ಮ ಮನೆಯ ಹಿರಿಯರು ಹೇಳುತ್ತಾರೆ. ಸಮಾಜಶಾಸ್ತ್ರವೂ ಹಾಗೆಯೇ ಹೇಳುತ್ತದೆಯೇ ಎಂದು ಕೇಳಿದ್ದೀರಿ. ಮುಂಬಯಿಯ ಕಾಲೇಜೊಂದರಲ್ಲಿ ಈ ವಿಷಯವನ್ನು ಬಹುಕಾಲ ಪಾಠ ಮಾಡಿದವಳು ನಾನು. ಹಿರಿಯರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಹಿಂದೆ ವಿಚ್ಛೇದನವೇ ಇರಲಿಲ್ಲವೆಂಬ ನಂಬಿಕೆಯ ಮೇಲೆ ಅದು ನಿಂತಿದೆ.

2011ರ ಜನಗಣತಿಯಲ್ಲಿ ವಿಚ್ಛೇದಿತರೆಂದು ಬರೆಸಿದವರು ದೇಶದಲ್ಲಿ ಸುಮಾರು 13.6 ಲಕ್ಷ. ಕಾನೂನಿನ ಪ್ರಕಾರ ವಿಚ್ಛೇದನವಾಗದೆ ಬೇರೆಯಾಗಿ ಬದುಕುತ್ತಿದ್ದವರು ಇದರ ಎರಡು ಪಟ್ಟಿಗಿಂತಲೂ ಹೆಚ್ಚು. ಇವರು ಯಾವ ನ್ಯಾಯಾಲಯದ ಲೆಕ್ಕಕ್ಕೂ ಸಿಗುವುದಿಲ್ಲ. ಆದುದರಿಂದ ವಿಚ್ಛೇದನದ ದರ ಏರಿದಾಗ ಹೆಚ್ಚು ದಾಂಪತ್ಯಗಳು ಮುರಿಯುತ್ತಿವೆಯೋ, ಮುರಿದವು ಈಗ ಕಾಗದದ ಮೇಲೆ ಕಾಣಿಸಿಕೊಳ್ಳುತ್ತಿವೆಯೋ ಎಂದು ವಿಚಾರಿಸಬೇಕಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿಚ್ಛೇದನವನ್ನು ಸುಲಭಗೊಳಿಸಿದ 1969ರ ಸುಧಾರಣಾ ಕಾಯ್ದೆ 1971ರಲ್ಲಿ ಜಾರಿಗೆ ಬಂದಿತು. ಆ ವರ್ಷ ಸುಮಾರು 74 ಸಾವಿರವಿದ್ದ ವಿಚ್ಛೇದನಗಳು ಮರುವರ್ಷ 1.19 ಲಕ್ಷವಾದವು. ಒಂದೇ ವರ್ಷದಲ್ಲಿ ಗಂಡಹೆಂಡಿರ ಮನಸ್ಸು ಅಷ್ಟೊಂದು ಕೆಡುವುದು ಸಾಧ್ಯವಿಲ್ಲ. ನಮ್ಮಲ್ಲಿ 1955ರ ಹಿಂದೂ ವಿವಾಹ ಕಾಯ್ದೆಗೆ ಪರಸ್ಪರ ಸಮ್ಮತಿಯ ವಿಚ್ಛೇದನ ಸೇರಿದ್ದೇ 1976ರಲ್ಲಿ.

ಇನ್ನು 'ಹಿಂದೆ ಇರಲಿಲ್ಲ' ಎಂಬ ಮಾತು. ಮುಂಬಯಿ ಕನ್ನಡಿಗರಾದ ನಮಗೆ ಇದನ್ನು ಬಲ್ಲವರು ಹತ್ತಿರದಲ್ಲೇ ಇದ್ದರು. ಮೈಸೂರಿನಿಂದ ಬಂದು ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞ ಘುರ್ಯೆಯವರ ಶಿಷ್ಯರಾಗಿದ್ದ, ಮುಂದೆ ತಾವೂ ಸಮಾಜಶಾಸ್ತ್ರಜ್ಞರೆಂದು ಹೆಸರಾದ ಎಂ. ಎನ್. ಶ್ರೀನಿವಾಸರ ಮೊದಲ ಗ್ರಂಥ, 1942ರದು, ಮೈಸೂರಿನ ಮದುವೆ ಮತ್ತು ಕುಟುಂಬಗಳನ್ನು ಕುರಿತದ್ದೇ ಆಗಿದೆ. ಅನೇಕ ಜಾತಿಗಳಲ್ಲಿ ಬಿಡುಗಡೆಗೂ ವಿಧವೆಯರ ಮರುಮದುವೆಗೂ ರೂಢಿಯ ಒಪ್ಪಿಗೆಯಿತ್ತು; ಮೇಲ್ಜಾತಿಯವರ ನಡವಳಿಕೆಯನ್ನು ಅನುಸರಿಸತೊಡಗಿದ ಸಮುದಾಯಗಳು, ಅಂದರೆ ಶ್ರೀನಿವಾಸರು ಮುಂದೆ ಸಂಸ್ಕೃತೀಕರಣವೆಂದು ಕರೆದ ದಾರಿ ಹಿಡಿದವು, ಮಾನದ ಹೆಸರಿನಲ್ಲಿ ಈ ರೂಢಿಗಳನ್ನೇ ಬಿಟ್ಟುಕೊಟ್ಟವು. ಈ ನಗರದಲ್ಲಿ ಬಹುಸಂಖ್ಯೆಯಲ್ಲಿರುವ ತುಳುನಾಡಿನವರ ಅಳಿಯಸಂತಾನದ ಮನೆತನಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಬರುತ್ತಿದ್ದುದರಿಂದ, ಗಂಡನನ್ನು ಬಿಟ್ಟ ಹೆಣ್ಣಿಗೆ ಮರಳಲು ಒಂದು ಮನೆಯಿರುತ್ತಿತ್ತು. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಎರಡನೆಯ ಸಂಬಂಧಕ್ಕೆ ಉಡಿಕೆ, ಕೂಡಿಕೆ ಎಂಬ ಹೆಸರುಗಳೇ ಇದ್ದವು. ಜಪಾನಿನಲ್ಲಂತೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಹಳ ಹೆಚ್ಚಿದ್ದ ವಿಚ್ಛೇದನ ಕೈಗಾರಿಕೆ ಬೆಳೆದಂತೆ ಇಳಿಯಿತೆಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಗೂಡ್ ಎತ್ತಿ ತೋರಿಸಿದರು. ಆಧುನಿಕತೆ ಬಂದರೆ ವಿಚ್ಛೇದನ ಏರಲೇಬೇಕೆಂಬ ನಿಯಮವಿಲ್ಲ.

ಸಂಪಾದನೆಯ ವಿಚಾರಕ್ಕೆ ಬರುತ್ತೇನೆ. ಸ್ವಂತ ಆದಾಯವುಳ್ಳ ಹೆಣ್ಣಿಗೆ ಕೆಟ್ಟ ಮದುವೆಯಿಂದ ಹೊರಬರುವುದು ಸುಲಭ ಎಂಬ ವಾದವನ್ನು ಅರ್ಥಶಾಸ್ತ್ರಜ್ಞರೂ ಒಪ್ಪುತ್ತಾರೆ. ಆದರೆ ಅಮೆರಿಕದಲ್ಲಿ ಕೆಲವು ದಶಕಗಳಿಂದ ಕಾಲೇಜು ಮುಗಿಸಿದ ಹೆಂಗಸರ ಮದುವೆಗಳೇ ಉಳಿದವರಿಗಿಂತ ಗಟ್ಟಿಯಾಗಿ ಉಳಿದಿವೆ. ತಡವಾಗಿ ಮದುವೆಯಾಗುವುದು ಅದಕ್ಕೆ ಒಂದು ಕಾರಣ. ಅಲ್ಲಿನ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗುರುತಿಸಿದ್ದು ಬೇರೆ ಎಳೆ: ಹೆಂಗಸು ಹೊರಗೆ ದುಡಿಯತೊಡಗಿದರೂ ಮನೆಗೆಲಸ ಅವಳ ಪಾಲಿಗೇ ಉಳಿಯಿತು. ಕಲ್ಯಾಣದಿಂದ ಲೋಕಲ್ ಹಿಡಿದು ಹೋಗಿ ರಾತ್ರಿ ಎಂಟಕ್ಕೆ ಬಂದು ಒಲೆ ಹಚ್ಚುವವಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರೀತಿ ಇರುವವರೆಗೆ ಮಾತ್ರ ಸಂಬಂಧ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಗಿಡೆನ್ಸರ ಸಿದ್ಧಾಂತ ನಮಗೆ ಅಷ್ಟಾಗಿ ಒಗ್ಗದು ಎಂಬುದು ನನ್ನ ಅಭಿಪ್ರಾಯ. ನಮ್ಮ ವಧೂವರರ ಸಮಾವೇಶಗಳಲ್ಲಿ ಇಂದಿಗೂ ಮೊದಲು ಕೇಳುವುದು ಜಾತಕವನ್ನು, ಆಮೇಲೆ ಸ್ವಂತ ಫ್ಲ್ಯಾಟ್ ಇದೆಯೇ ಎಂಬುದನ್ನು.

ಮದುವೆಯ ವಯಸ್ಸು ಏರಿರುವುದಂತೂ ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು 2005-06ರಲ್ಲಿ ಶೇ. 47 ಇದ್ದದ್ದು 2019-21ರಲ್ಲಿ ಶೇ. 23ಕ್ಕೆ ಇಳಿದಿದೆ.

ಮುಂಬಯಿಯ ಮಟ್ಟಿಗೆ ನಾನು ಇನ್ನೊಂದು ಕಾರಣವನ್ನು ಸೇರಿಸುತ್ತೇನೆ, ಅದು ಮನೆ. ನನ್ನ ಪರಿಚಯದ ದಂಪತಿ ಒಂದೇ ಖೋಲಿಯಲ್ಲಿ, ಎರಡು ಡಬ್ಬಿ ಕಟ್ಟಿಕೊಂಡು, ಆರು ವರ್ಷ ಮಾತಿಲ್ಲದೆ ಬದುಕಿದರು. ಆಕೆಗೆ ಒಳ್ಳೆಯ ಸಂಬಳವಿತ್ತು, ಆದರೆ ಬೇರೆ ಮನೆಯ ಡಿಪಾಸಿಟ್ಟಿಗೂ ಬಾಡಿಗೆಗೂ ಅದು ಸಾಲುತ್ತಿರಲಿಲ್ಲ. ಊರಿನ ಜಾಗ ಮಾರಿ ಆಕೆಯ ತಮ್ಮನು ಆಕೆಯ ಪಾಲು ಕೊಟ್ಟ ವರ್ಷವೇ ಆಕೆ ಬಾಂದ್ರಾದ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿದಳು. ಅಂಕಿಅಂಶಗಳಲ್ಲಿ ಆ ದಾಂಪತ್ಯ ಮುರಿದದ್ದು ಆ ವರ್ಷವೇ.