ಫೋಟೊ ಪ್ರಶ್ನೋತ್ತರ: ಕೋಟೆ, ಬೆಣ್ಣೆದೋಸೆ, ಲದ್ದಿ ಹುಳು

ಪ್ರಶ್ನೆ: ಒಂದೇ ವಿಷಯವನ್ನು ಮೂರು ಬಗೆಯ ನೋಡುಗರಿಗಾಗಿ ತೆಗೆದು ತನ್ನಿ ಎಂದು ಕಾಲೇಜಿನಲ್ಲಿ ಹೇಳಿದ್ದಾರೆ. ಚಿತ್ರದುರ್ಗದ ಕೋಟೆಯನ್ನು ಪ್ರವಾಸಿಗರಿಗೆ, ಪತ್ರಿಕೆಗೆ, ಇತಿಹಾಸದ ದಾಖಲೆಗೆ ಎಂದು ತೆಗೆದೆ. ಮೂರೂ ಒಂದೇ ಥರ ಇವೆ ಎಂದು ಮೇಷ್ಟ್ರು ವಾಪಸು ಕೊಟ್ಟರು. ಎಲ್ಲಿ ತಪ್ಪಿದೆ?
– ದೃಶ್ಯಕಲಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬಹುಶಃ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ತೆಗೆದು, ಆಮೇಲೆ ಬಣ್ಣ ಮಾತ್ರ ಬದಲಿಸಿದ್ದೀರಿ. ನೋಡುವವರು ಬದಲಾದರೆ ನಿಲ್ಲುವ ಜಾಗ, ಹೊತ್ತು, ಲೆನ್ಸು ಎಲ್ಲವೂ ಬದಲಾಗಬೇಕು. ಕೋಟೆ ಹತ್ತುವ ಮೊದಲೇ ಒಂದೊಂದು ಚಿತ್ರಕ್ಕೂ ಒಂದು ಸಾಲು ಬರೆದುಕೊಳ್ಳಿ: ಇದನ್ನು ನೋಡಿದವರು ಏನು ಮಾಡಬೇಕು?

ಒನಕೆ ಓಬವ್ವನ ಕಿಂಡಿಯನ್ನೇ ತೆಗೆದುಕೊಳ್ಳಿ. ಪ್ರವಾಸಿಗರಿಗಾಗಿ ಮಾಡುವ ಪೋಸ್ಟರ್ ನೋಡಿದವರಿಗೆ ಅಲ್ಲಿಗೆ ಹೋಗಬೇಕು ಅನಿಸಬೇಕು. ಆ ಕಿಂಡಿಯ ಜೀವ ಇರುವುದು ಅದರ ಇಕ್ಕಟ್ಟಿನಲ್ಲಿ. ಮೊಬೈಲಿನ ಅತಿ ಅಗಲದ ಲೆನ್ಸಿನಲ್ಲಿ ಹತ್ತಿರದಿಂದ ತೆಗೆದರೆ ಎದುರಿನ ಸಂದು ಹಿಗ್ಗಿ, ಹಿಂದಿನ ಬಂಡೆ ಕುಗ್ಗಿ, ಇಕ್ಕಟ್ಟೇ ಮಾಯ. ಜಾಗ ಇರುವಷ್ಟು ಹಿಂದೆ ಸರಿದು, ಎರಡು ಪಟ್ಟು ಜೂಮ್ ಇಟ್ಟು, ಯಾರಾದರೂ ಮೈ ಮುದುಡಿಕೊಂಡು ತೂರುವಾಗ ಒತ್ತಿ. ಮನುಷ್ಯನ ಮೈಯೇ ಅಳತೆಗೋಲು. ಅಕ್ಷರ ಕೂರಿಸಲು ಮೇಲಿನ ಮೂರನೇ ಒಂದು ಭಾಗ ಖಾಲಿ ಬಿಡಿ. ಇದನ್ನು ಮರೆಯುವವರೇ ಹೆಚ್ಚು.

ಪತ್ರಿಕೆಗೆ ಕೋಟೆ ಸುದ್ದಿಯಲ್ಲ. ಮಳೆಗೆ ಜಾರಿದ ಕಲ್ಲೋ ರಜೆಯ ದಿನದ ನೂಕುನುಗ್ಗಲೋ, ಇವತ್ತು ಏನಾಗಿದೆ ಎಂಬುದು ಕಾಣಬೇಕು. ಜಾಗ ಗುರುತಾಗುವ ಒಂದು ಅಗಲ ಚಿತ್ರ, ಹತ್ತಿರದ ಒಂದು ಚಿತ್ರ, ಅಡಿಬರಹದಲ್ಲಿ ಯಾರು, ಎಲ್ಲಿ, ಯಾವಾಗ. ವೈರು ಅಡ್ಡ ಬಂದರೂ ಅಳಿಸಕೂಡದು. ಪೋಸ್ಟರಿನಲ್ಲೂ ಬೇರೆ ಊರಿನ ಮೋಡ ತಂದು ಅಂಟಿಸುವುದು ನಮಗೆ ಸರಿ ಕಾಣುವುದಿಲ್ಲ.

ದಾಖಲೆಯ ಚಿತ್ರ ಚೆಂದ ಕಾಣಬೇಕಿಲ್ಲ. ಗೋಡೆಗೆ ನೇರ ಎದುರು ನಿಲ್ಲಿ, ಕ್ಯಾಮೆರಾ ಮೇಲೆ ಕೆಳಗೆ ಬಾಗದಂತೆ ಗ್ರಿಡ್ ಗೆರೆ ನೋಡಿಕೊಳ್ಳಿ. ಕ್ಯಾಮೆರಾದಲ್ಲಾದರೆ 50 ಮಿ.ಮೀ. ಆಸುಪಾಸಿನ ಲೆನ್ಸು, ಲೆನ್ಸಿನ ತೆರಪು (ಅಪರ್ಚರ್) ಎಫ್ 8. ಫ್ರೇಮಿನ ಕೆಳಗೆ ಅಳತೆಪಟ್ಟಿ. ಶಾಸನವಾದರೆ ನಡುಹಗಲಿನ ಬೆಳಕು ಕೆಲಸಕ್ಕೆ ಬಾರದು. ಬೆಳಕು ಕಲ್ಲನ್ನು ಪಕ್ಕದಿಂದ ಸವರಿಕೊಂಡು ಹೋದಾಗ ಮಾತ್ರ ಅಕ್ಷರದ ಗುಂಡಿಯಲ್ಲಿ ನೆರಳು ನಿಲ್ಲುತ್ತದೆ. ಕಲ್ಲು ಯಾವ ದಿಕ್ಕಿಗಿದೆ ನೋಡಿ ಬೆಳಿಗ್ಗೆಯೋ ಸಂಜೆಯೋ ಹೋಗಿ. ಅಕ್ಷರಕ್ಕೆ ಸೀಮೆಸುಣ್ಣ ತುಂಬುವ ಚಾಳಿ ಬೇಡ. ಸವೆದ ಅಕ್ಷರವನ್ನು ನೀವು ಹೇಗೆ ಓದಿದಿರೋ ಅದೇ ದಾಖಲೆಯಾಗಿಬಿಡುತ್ತದೆ, ಕಲ್ಲಿಗೂ ಕೇಡು. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಟ್ರೈಪಾಡಿಗೆ, ಡ್ರೋನಿಗೆ ಮುಂಚೆಯೇ ಅನುಮತಿ ಪಡೆಯಿರಿ.

ಮೇಷ್ಟ್ರಿಗೆ ತೋರಿಸುವ ಮೊದಲು, ವಿಷಯ ಗೊತ್ತಿಲ್ಲದ ಮೂವರಿಗೆ ಒಂದೊಂದು ಚಿತ್ರವನ್ನೂ ಐದು ಸೆಕೆಂಡು ತೋರಿಸಿ, 'ಇದು ಯಾತಕ್ಕಾಗಿ ತೆಗೆದದ್ದು?' ಎಂದು ಕೇಳಿ. 'ಚೆನ್ನಾಗಿದೆ' ಎಂಬುದನ್ನು ಉತ್ತರವೆಂದು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ಇದನ್ನೆಲ್ಲ ಕಲಿಯಲು ಡಿಎಸ್ಎಲ್ಆರ್ ಕ್ಯಾಮೆರಾ ಬೇಕೇ ಬೇಕೆ?
– ಬಿ.ಎ. ವಿದ್ಯಾರ್ಥಿನಿ, ಹೊಳಲ್ಕೆರೆ

ಉತ್ತರ: ಮೊದಲ ವರ್ಷಕ್ಕೆ ಬೇಡ. ಮೊಬೈಲ್ ಸಾಕು.

ಪ್ರಶ್ನೆ: ನಮ್ಮ ಬೆಣ್ಣೆದೋಸೆ ಹೋಟೆಲಿಗೆ 6 ಅಡಿ ಅಗಲ, 4 ಅಡಿ ಎತ್ತರದ ಫ್ಲೆಕ್ಸ್ ಹಾಕಿಸಿದೆವು. ಮೊಬೈಲಿನಲ್ಲಿ ಚೆನ್ನಾಗಿದ್ದ ದೋಸೆ ಫ್ಲೆಕ್ಸಿನಲ್ಲಿ ಚೌಕ ಚೌಕವಾಗಿ, ಕಂದಾಗಿ ಬಂತು.
– ಹೋಟೆಲ್ ಮಾಲೀಕರು, ದಾವಣಗೆರೆ

ಉತ್ತರ: ಫೋಟೊ ವಾಟ್ಸ್ಆಪ್‌ನಲ್ಲಿ ಕಳಿಸಿರಬೇಕು. ಸಾಮಾನ್ಯ ಗುಣಮಟ್ಟದಲ್ಲಿ ಅದು ಉದ್ದದ ಬದಿಯನ್ನು ಸುಮಾರು 1,600 ಪಿಕ್ಸೆಲಿಗೆ ಇಳಿಸುತ್ತದೆ. ನಿಮ್ಮ ಫ್ಲೆಕ್ಸ್ 72 ಇಂಚು ಅಗಲ. ಇಂಚಿಗೆ 22 ಪಿಕ್ಸೆಲ್ ಮಾತ್ರ ಬಿತ್ತು. ರಸ್ತೆಯಾಚೆಯಿಂದ ನೋಡುವ ಫಲಕಕ್ಕೆ ಇಂಚಿಗೆ 72 ಸಾಕು, ಅಂದರೆ 5,184 × 3,456 ಪಿಕ್ಸೆಲ್, ಸುಮಾರು 18 ಮೆಗಾಪಿಕ್ಸೆಲ್. ಫೈಲನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ. ಬಣ್ಣ ಕಂದಲು ಕಾರಣ ಬೇರೆ: ಪರದೆ ಬೆಳಕಿನಿಂದ ತೋರಿಸುವ ಹೊಂಬಣ್ಣವನ್ನು ನಾಲ್ಕು ಶಾಯಿಗಳು ಪೂರ್ತಿ ತರಲಾರವು. ಮುದ್ರಿಸುವ ಮುನ್ನ ಒಂದಡಿ ತುಂಡು ಹಾಕಿಸಿ ನೋಡಿ.

ತೆಗೆಯುವಾಗ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಪಕ್ಕದ ಮೇಜಿಗೆ ಬನ್ನಿ. ಎರಡು ಬೆಳಕು ಬೆರೆತರೆ ಚಟ್ನಿ ಹಸಿರಾಡುತ್ತದೆ. ನೆರಳಿನ ಬದಿಗೆ ಒಂದು ಥರ್ಮಾಕೋಲ್ ಹಾಳೆ ನಿಲ್ಲಿಸಿ. ಬೆಣ್ಣೆ, ಚಟ್ನಿ, ಪಲ್ಯ ಮೂರೂ ಬಿಳುಪು. ಬೆಳಕು ಹೆಚ್ಚಾಗಿ ಬೆಣ್ಣೆ ಸುಣ್ಣದ ಮುದ್ದೆಯಂತೆ ಕಂಡರೆ ಎಕ್ಸ್‌ಪೋಶರ್ (ಚಿತ್ರಕ್ಕೆ ಸೇರುವ ಬೆಳಕು) ಅರ್ಧ ಸ್ಟಾಪ್, ಅಂದರೆ –0.5ಕ್ಕೆ, ಇಳಿಸಿ. ಖಾಲಿ ತಟ್ಟೆ ಇಟ್ಟೇ ಫ್ರೇಮ್, ಫೋಕಸ್ ಗೊತ್ತುಮಾಡಿಕೊಳ್ಳಿ, ದೋಸೆ ಕೊನೆಗೆ ಬರಲಿ. ಬೆಣ್ಣೆ ಯಾರಿಗೂ ಕಾಯುವುದಿಲ್ಲ.

ಪ್ರಶ್ನೆ: ಮೆಕ್ಕೆಜೋಳಕ್ಕೆ ಹುಳು ಬಿದ್ದಿದೆ. ಫೋಟೊ ಕಳಿಸಿದರೆ ಕೃಷಿ ವಿಜ್ಞಾನ ಕೇಂದ್ರದವರು 'ಸ್ಪಷ್ಟವಿಲ್ಲ' ಅನ್ನುತ್ತಾರೆ. ಹೇಗೆ ತೆಗೆಯಬೇಕು?
– ರೈತರು, ಜಗಳೂರು ತಾಲ್ಲೂಕು

ಉತ್ತರ: ನಾಲ್ಕು ಫೋಟೊ ಬೇಕು: ಹೊಲದ ಅಗಲ ನೋಟ, ಒಂದು ಪೂರ್ತಿ ಗಿಡ, ಸುಳಿ ಮತ್ತು ಎಲೆ, ಕೊನೆಗೆ ಹುಳು. ಬರೀ ಹುಳುವಿನ ಫೋಟೊ ಬಂದರೆ ಹಾನಿ ಎಷ್ಟು ಹಬ್ಬಿದೆ ಎಂಬುದು ಅವರಿಗೆ ತಿಳಿಯದು. ಭಾರತದಲ್ಲಿ 2018ರಲ್ಲಿ ಮೊದಲು ಕರ್ನಾಟಕದಲ್ಲೇ ಕಂಡ ಫಾಲ್ ಸೈನಿಕ ಹುಳುವೇ (ಲದ್ದಿ ಹುಳು) ಇದು ಎನ್ನಲು ಅವರು ಹುಡುಕುವ ಗುರುತು ಎರಡು: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಬಾಲದ ಹತ್ತಿರ, ಹೊಟ್ಟೆಭಾಗದ ಎಂಟನೇ ಉಂಗುರದಲ್ಲಿ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆ. ಆದ್ದರಿಂದ ಬೆನ್ನ ಮೇಲಿನಿಂದ ಒಂದು, ತಲೆಯ ಎದುರಿನಿಂದ ಒಂದು ತೆಗೆಯಿರಿ.

ಫೋನನ್ನು ತೀರಾ ಹತ್ತಿರ ತಂದರೆ ಫೋಕಸ್ ನಿಲ್ಲುವುದಿಲ್ಲ. ಒಂದು ಗೇಣು ದೂರದಲ್ಲಿ ಹಿಡಿದು, ಎರಡು ಪಟ್ಟು ಜೂಮ್ ಮಾಡಿ, ಪರದೆಯಲ್ಲಿ ಹುಳು ಕಾಣುವ ಕಡೆ ಬೆರಳಿಟ್ಟು ಒತ್ತಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇರಲಿ. ಬಿಸಿಲಿದ್ದರೆ ಕೊಡೆಯ ನೆರಳು ಮಾಡಿ, ಫ್ಲ್ಯಾಶ್ ಬೇಡ. ಹೊಳಪಿನಲ್ಲಿ ಚುಕ್ಕೆ ಮುಚ್ಚಿಹೋಗುತ್ತದೆ. ಜೊತೆಗೆ ಬಿತ್ತನೆ ಮಾಡಿದ ದಿನ, ಹತ್ತು ಗಿಡಕ್ಕೆ ಎಷ್ಟರಲ್ಲಿ ಹುಳು ಇದೆ, ಏನು ಸಿಂಪಡಿಸಿದ್ದೀರಿ ಎಂದು ಬರೆದು ಕಳಿಸಿ.